ರವಿವಾರ ಕೂಗಿದ ಭೋಂಗಾ

ಮಾಸ್ತರರು ತೀರಿಕೊಂಡ ವಾರ ಪತ್ರಿಕೆಯವರೊಬ್ಬರು ನಾನು ಕೆಲಸ ಮಾಡುವ ಹಿಮಾಯತ್‌ನಗರದ ಶಾಲೆಗೆ ಬಂದು, "ಮೇಡಂ, ನೀವು ಅವರ ಶಿಷ್ಯೆ ಅಂತ ಕೇಳಿದೆ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ" ಎಂದರು. ಒಳ್ಳೆಯ ಮಾತು ಬೇಕಾದಷ್ಟಿದ್ದವು, ಹೇಳಿದೆ. ಆಮೇಲೆ ಉಳಿದದ್ದನ್ನು ಹೇಳಲು ಶುರುಮಾಡಿದೆ. ಆ ಮನುಷ್ಯ ಪೆನ್ನಿಗೆ ಟೋಪಿ ಹಾಕಿ, "ಸತ್ತವರ ಬಗ್ಗೆ ಯಾಕೆ ಬಿಡಿ ಮೇಡಂ" ಎಂದು ಎದ್ದುಬಿಟ್ಟರು. ಬದುಕಿದ್ದಾಗ ಬಾಯಿ ತೆರೆದರೆ ಹಿರಿಯರು, ಸತ್ತ ಮೇಲೆ ತೆರೆದರೆ ಸತ್ತವರು. ಹಾಗಾದರೆ ನಾನು ಹೇಳುವುದು ಯಾವಾಗ, ನನ್ನ ಹೆಣ ಎತ್ತಿದ ಮೇಲೆಯೇ? ಈಗಲೇ ಹೇಳಿಬಿಡುತ್ತೇನೆ.

ಒಳ್ಳೆಯದು ಮೊದಲು. ಮಾಸ್ತರರು ರಾಯಚೂರು ಕಡೆಯವರು. ಹೈದರಾಬಾದಿಗೆ ಬಂದು ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಹೆಸರು ಮಾಡಿದವರು. ನಮ್ಮ ಕಡೆಯಿಂದ ಬಂದು ಈ ಊರಿನ ದೊಡ್ಡ ತಂಡದಲ್ಲಿ ನಿಂತು ಆಡಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಎರಡೂ ಹೆಬ್ಬೆರಳಿಗೆ ಉಗುರಿರಲಿಲ್ಲ, ಅದನ್ನು ಬಂದವರಿಗೆಲ್ಲ ಚಪ್ಪಲಿ ಕಳಚಿ ತೋರಿಸುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಸನತ್‌ನಗರದಲ್ಲಿ ನಮ್ಮ ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ, ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಕೆಲಸ, ಸಂಜೆ ಕಾರ್ಖಾನೆಯ ಮೈದಾನದಲ್ಲಿ ಕೋಚು. ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆ ಎಂದು ಕ್ವಾರ್ಟರ್ಸಿನ ಮನೆಮನೆಗೆ ಹೋಗಿ ಕುಳಿತವರೂ ಅವರೇ. ಚಡ್ಡಿ ಹಾಕಿಕೊಂಡು ಮಗಳು ಬಯಲಲ್ಲಿ ಓಡಬೇಕೇ ಎಂದು ಬೈದವರ ಮನೆಗೇ ಮರುದಿನ ಮತ್ತೆ ಹೋಗಿ, ಚಹಾ ಕೇಳಿ ಕುಡಿದು, ಮತ್ತೆ ಬೈಸಿಕೊಂಡು ಬರುತ್ತಿದ್ದರು. ಅವರಿಲ್ಲದಿದ್ದರೆ ನಾನು ಚೆಂಡು ಮುಟ್ಟುತ್ತಿರಲಿಲ್ಲ. ಅಷ್ಟು ಪುಣ್ಯ ಅವರಿಗೆ ಬರಲಿ.

ಅದರ ಮೇಲೆ ಅವರು ಬರೆಯುತ್ತಿದ್ದರು. ಹುಬ್ಬಳ್ಳಿಯ ಒಂದು ಕನ್ನಡ ಪೇಪರಿಗೆ ಹೈದರಾಬಾದಿನ ಆಟಗಳ ವರದಿ ಕಳಿಸುವವರು ಅವರೊಬ್ಬರೇ. ಆ ಪೇಪರು ಒಂದು ದಿನ ಹಳತಾಗಿ ಅಬಿಡ್ಸಿಗೆ ಬರುತ್ತಿತ್ತು, ಅಲ್ಲಿಂದ ಯಾರಾದರೂ ತಂದರೆ ನಮ್ಮ ಸಾಲಿನ ಕನ್ನಡದ ಮನೆಗಳೆಲ್ಲ ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದವು. ಆಫ್‌ಸೈಡಿಗೆ 'ಕಳ್ಳ ನಿಲುವು' ಎಂದು ಬರೆದವರು ಅವರು. ಅಪ್ಪ ಅದನ್ನು ಜೋರಾಗಿ ಓದಿ ತೊಡೆ ತಟ್ಟಿ ನಗುತ್ತಿದ್ದ. ಬೈಗುಳದಲ್ಲಿ ಮಾಸ್ತರರ ಕೈ ಇನ್ನೂ ಚೆನ್ನಾಗಿ ಓಡುತ್ತಿತ್ತು. ಸೋತವರನ್ನು ಅವರು ಬರೀ ಸೋತರು ಎಂದು ಬರೆಯುತ್ತಿರಲಿಲ್ಲ, ಚರ್ಮ ಸುಲಿದು ಉಪ್ಪು ಹಚ್ಚುತ್ತಿದ್ದರು. ಮೈದಾನದಲ್ಲಿ ಯಾರಾದರೂ ಪಾಸು ತಪ್ಪಿದರೆ ಲೈನಿನಾಚೆಯಿಂದ ಒಂದೇ ಮಾತು: "ಬರೀಲೇನು?" ಛಡಿ ಏಟಿಗಿಂತ ಆ ಮಾತಿಗೆ ನಾವು ಹೆದರುತ್ತಿದ್ದೆವು.

ಇನ್ನು ಭೋಂಗಾದ ವಿಷಯ. ಸಂಜೆ ಕೆಲಸ ಬಿಡುವ ಹೊತ್ತಿಗೆ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಕೂಗಿತೆಂದರೆ ಗೇಟು ತೆರೆದು ಸೈಕಲ್ಲುಗಳು ಮೈದಾನಕ್ಕೇ ನುಗ್ಗುತ್ತಿದ್ದವು, ರಸ್ತೆ ಸುತ್ತಿ ಹೋಗುವ ತಾಳ್ಮೆ ಯಾರಿಗೂ ಇರಲಿಲ್ಲ. ಒಮ್ಮೆ ನಮ್ಮವಳೊಬ್ಬಳು ಒದ್ದ ಚೆಂಡು ಬಡಿದು ಫೋರ್‌ಮನ್ ಒಬ್ಬ ಸೈಕಲ್ ಸಮೇತ ಉರುಳಿಬಿದ್ದ. ಮೈದಾನ ಒಂದು ತಿಂಗಳು ಬಂದ್. ಮಾಸ್ತರರು ಯಾರ್ಯಾರದೋ ಕಾಲು ಹಿಡಿದು ಅದನ್ನು ಬಿಡಿಸಿಕೊಂಡು ಬಂದರು. ಬಂದವರೇ ಕಾನೂನು ಮಾಡಿದರು: ಭೋಂಗಾ ಶುರುವಾದ ಗಳಿಗೆಗೆ ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು. ಎತ್ತಿದ ಕಾಲು ಇಳಿಸಬೇಕು, ಕೈ ಪಕ್ಕಕ್ಕೆ ಬಿಡಬೇಕು, ಚೆಂಡು ಕಾಲ ಹತ್ತಿರವೇ ಇದ್ದರೂ ಮುಟ್ಟಬಾರದು. ಮುಟ್ಟಿದವಳಿಗೆ ಮುರ್ಗಾ. ಮೊಣಕಾಲಿನ ಹಿಂದಿನಿಂದ ಕೈ ತೂರಿಸಿ, ಕಿವಿ ಹಿಡಿದು, ಕುಂಡಿ ಮೇಲೆತ್ತಿ ಬಗ್ಗಿ ನಿಲ್ಲುವುದು. ಅದೂ ಎಲ್ಲಿ? ಸೈಕಲ್ಲುಗಳು ಹಾಯುವ ದಾರಿಯ ಬದಿಗೆ. ಅಪ್ಪಂದಿರು, ಕಾಕಾಗಳು, ಪಕ್ಕದ ಮನೆಯವರು ಎಲ್ಲರೂ ಹಲ್ಲು ಕಿಸಿಯುತ್ತ ಗಂಟೆ ಬಾರಿಸಿಕೊಂಡು ಹೋಗುತ್ತಿದ್ದರು. ನನ್ನ ಅಪ್ಪ ಮಾತ್ರ ಆ ಕಡೆ ನೋಡದೆ ಹೋಗುತ್ತಿದ್ದ. ನಾಚಿಕೆಯಿಂದ ಸತ್ತೇಹೋಗುತ್ತಿದ್ದೆ. ಹೀಗೆ ಕಲಿತದ್ದು ಮೈಗೆ ಹತ್ತದೆ ಇರುತ್ತದೆಯೇ? ಆಮೇಲಾಮೇಲೆ ಭೋಂಗಾ ಕೂಗಿದರೆ ಮನೆಯಲ್ಲಿ ಪಾತ್ರೆ ತಿಕ್ಕುವಾಗಲೂ ನನ್ನ ಕೈ ನಿಲ್ಲುತ್ತಿತ್ತು.

ಅಪ್ಪ ನೌಕರಿಯಲ್ಲಿದ್ದಾಗಲೇ ಕಾಮಾಲೆಯಾಗಿ ಹೋಗಿಬಿಟ್ಟ. ಕ್ವಾರ್ಟರು ಒಂದು ವರ್ಷದೊಳಗೆ ಬಿಡಬೇಕು ಎಂದರು. ಮನೆಯಲ್ಲಿ ಯಾರಿಗಾದರೂ ಕಾರ್ಖಾನೆಯ ಕೆಲಸ ಸಿಕ್ಕರೆ ಮಾತ್ರ ಅದೇ ಮನೆ ಉಳಿಯುತ್ತದೆ. ತಮ್ಮ ಇನ್ನೂ ಚಿಕ್ಕವನು, ಅವ್ವನಿಗೆ ಕನ್ನಡ ಓದಲು ಬಿಟ್ಟರೆ ಬೇರೇನೂ ಬಾರದು. ಸತ್ತವರ ಮಕ್ಕಳಿಗೆ ಕೊಡುವ ಕೆಲಸಕ್ಕೆ ಗಂಡುಮಕ್ಕಳದೇ ಉದ್ದನೆಯ ಸಾಲಿತ್ತು. ಆಗ ವೆಲ್‌ಫೇರ್ ಆಫೀಸರು ನನ್ನನ್ನು ಕರೆಸಿ ಒಂದು ದಾರಿ ಹೇಳಿದರು. ಹುಡುಗಿಯರ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಆಟಗಾರರ ಕೋಟಾದಲ್ಲಿ ಟೈಪಿಸ್ಟ್ ಕೆಲಸ, ಕ್ವಾರ್ಟರು ನಿಮಗೇ. ಅವ್ವ ಅವತ್ತೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನ್ನ ಕಾಲಿಗೆ ದಿನಾ ಎಳ್ಳೆಣ್ಣೆ ತಿಕ್ಕುತ್ತ, "ಈ ಕಾಲಿನ ಮ್ಯಾಲೆ ನಮ್ಮನಿ ಐತಿ, ನೋಡವಾ" ಎನ್ನುತ್ತಿದ್ದಳು.

ಆಯ್ಕೆಗೆ ಒಂದು ಪಂದ್ಯ ಇಟ್ಟರು. ನಮ್ಮದೇ ಮೈದಾನ, ಎದುರಿಗೆ ಸಿಕಂದರಾಬಾದಿನ ಕಾಲೇಜಿನ ಹುಡುಗಿಯರು, ರವಿವಾರ ಮಧ್ಯಾಹ್ನದ ಮೇಲೆ. ರವಿವಾರ ಕಾರ್ಖಾನೆಗೆ ರಜೆ, ಭೋಂಗಾ ಇಲ್ಲ, ಸೈಕಲ್ಲಿನ ಕಾಟವಿಲ್ಲ ಎಂದು ಮಾಸ್ತರರೇ ದಿನ ಆರಿಸಿದ್ದರು. ಆದರೆ ಅದೇ ವಾರದ ನಡುವೆ ಊರು ಬಂದ್ ಆಯಿತು. ಆ ಕಾಲದಲ್ಲಿ ಬಂದ್ ಅಂದರೆ ಹೊಸದೇನಲ್ಲ, ಬಸ್ಸಿಗೆ ಕಲ್ಲು, ಅಂಗಡಿಗೆ ಬಾಗಿಲು. ಕಾರ್ಖಾನೆಯವರು ತಪ್ಪಿದ ಕೆಲಸ ತುಂಬಿಕೊಳ್ಳಲು ಆ ರವಿವಾರವನ್ನು ಕೆಲಸದ ದಿನ ಎಂದು ಸಾರಿದರು. ಎಲ್ಲ ಮನೆಗಳಲ್ಲೂ ಬೆಳಿಗ್ಗೆ ಡಬ್ಬಿ ಕಟ್ಟಿದರು, ಗಂಡಸರು ಗೊಣಗುತ್ತ ಹೋದರು. ನಮ್ಮ ಮನೆಯಲ್ಲಿ ಡಬ್ಬಿ ಕಟ್ಟುವ ಕೆಲಸವಿರಲಿಲ್ಲ, ಒಯ್ಯುವವನು ಹೋಗಿಯಾಗಿತ್ತು. ಉಳಿದ ಹುಡುಗಿಯರಿಗೆ ಪಂದ್ಯದ ಗಾಬರಿಯಲ್ಲಿ ತಲೆಗೆ ಹೋಗಲಿಲ್ಲ. ಆದರೆ ಮಾಸ್ತರರು? ಅವರು ಅವತ್ತು ರಜಾ ಹಾಕಿ ಬಂದಿದ್ದರು. ಕೆಲಸದ ದಿನ ಎಂದು ಗೊತ್ತಿಲ್ಲದೆ ಯಾರಾದರೂ ರಜಾ ಹಾಕುತ್ತಾರೆಯೇ? ಟೈಮ್ ಆಫೀಸಿನ ಮನುಷ್ಯ! "ಹುಡುಗ್ಯಾರ, ಇವತ್ತ ಭೋಂಗಾ ಆಗ್ತದ, ನಿಲ್ಲಬ್ಯಾಡ್ರಿ" ಎಂದು ಒಂದು ಮಾತು. ಒಂದೇ ಮಾತು ಸಾಕಿತ್ತು.

ಮೊದಲ ಗೋಲು ನಾನೇ ಹೊಡೆದೆ. ಏಳನೇ ನಂಬರಿನ ಅಂಗಿ ನನ್ನದು. ಆಯ್ಕೆಗೆ ಬಂದಿದ್ದ ಮುದಿ ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಪಕ್ಕದವರಿಗೆ ಬೆರಳು ಮಾಡಿ ತೋರಿಸಿದ್ದನ್ನು ನೋಡಿದೆ. ಅವ್ವ ಲೈನಿನ ಹತ್ತಿರ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಆಟ ಮುಗಿಯಲು ಸ್ವಲ್ಪವೇ ಇತ್ತು. ನನ್ನ ಕಾಲಿಗೆ ಚೆಂಡು ಬಂತು, ಇಬ್ಬರನ್ನು ದಾಟಿದೆ, ಮುಂದೆ ಅವರ ಗೋಲ್‌ಕೀಪರ್ ಒಬ್ಬಳೇ. ಒದೆಯಲು ಕಾಲು ಎತ್ತಿದೆ. ಭೋಂಗಾ ಕೂಗಿತು.

ಎತ್ತಿದ ಕಾಲು ಇಳಿಯಿತು. ನಾನು ಇಳಿಸಲಿಲ್ಲ, ಅದೇ ಇಳಿಯಿತು. ಕೈ ಪಕ್ಕಕ್ಕೆ ಬಂದವು. ಚೆಂಡು ಮೆಲ್ಲಗೆ ಉರುಳಿ ಆ ಗೋಲ್‌ಕೀಪರಿನ ಕಾಲಿಗೆ ಹೋಯಿತು. ತಿರುಗಿ ನೋಡಿದರೆ ನಮ್ಮ ತಂಡಕ್ಕೆ ತಂಡವೇ ನಿಂತಿದೆ, ನಮ್ಮ ಗೋಲ್‌ಕೀಪರ್ ಕೂಡ ಕಂಬದ ಪಕ್ಕ ಅಟೆನ್ಶನ್ನಿನಲ್ಲಿ. ಎದುರಿನ ಹುಡುಗಿಯರು ಗಾಬರಿಯಾಗಿ ರೆಫರಿಯ ಮುಖ ನೋಡಿದರು. ಅವನು ಆಡಿ ಆಡಿ ಎಂದು ಕೈ ಬೀಸಿದ. ಒಬ್ಬಳು ಚೆಂಡು ತಗೊಂಡು ನಮ್ಮ ನಡುವೆ ತರಕಾರಿ ಸಂತೆಯಲ್ಲಿ ಹೋದಂತೆ ಆರಾಮವಾಗಿ ಹೋಗಿ ಗೋಲಿನೊಳಗೆ ನೂಕಿದಳು. ಮಾಸ್ತರರು ಲೈನಿನಲ್ಲಿ ಕುಣಿದು ಏನೋ ಕಿರುಚುತ್ತಿದ್ದರು, ಬಾಯಿ ಆಡುವುದು ಕಾಣುತ್ತಿತ್ತು, ಭೋಂಗಾದಲ್ಲಿ ಏನೂ ಕೇಳಿಸಲಿಲ್ಲ. ಅದು ನಿಂತ ಮೇಲೆ ಸೈಕಲ್ಲುಗಳು ಬಂದವು. ನಡೆದದ್ದು ಕೇಳಿ ಗಂಡಸರೆಲ್ಲ ಸೈಕಲ್ ನಿಲ್ಲಿಸಿ ಹೊಟ್ಟೆ ಹಿಡಿದು ನಗತೊಡಗಿದರು. ಆ ನಗೆಯ ನಡುವೆ ನಮ್ಮ ಕಾಲು ಎಲ್ಲಿ ಆಡಬೇಕು? ಇನ್ನೊಂದು ಗೋಲು ಬಿತ್ತು. ಸೋತೆವು.

ಮುದಿ ಸಾಹೇಬರು ಕೆಟ್ಟವರಲ್ಲ. ಮಾಸ್ತರರನ್ನು ಕರೆದು ನನ್ನ ಕಡೆ ಕೈ ಮಾಡಿ ಕೇಳಿದರು, "ಉಸ್ತಾದ್, ಯೇ ಸಾತ್ ನಂಬರ್ ವಾಲೀ ಕಾಯ್ಕು ರುಕ್ ಗಯೀ?" ಯಾಕೆ ನಿಂತಳು, ಅಷ್ಟೇ ಅವರ ಪ್ರಶ್ನೆ. ನಿಜ ಹೇಳಿದ್ದರೆ ಅವರೂ ನಗುತ್ತಿದ್ದರು, ನನ್ನ ಹೆಸರನ್ನೂ ಬರೆದುಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಮಾಸ್ತರರು ನನ್ನತ್ತ ನೋಡಲಿಲ್ಲ. "ಘಬರಾ ಗಯೀ ಸಾಬ್. ಭೋಂಗಾ ಸುನೇ ತೋ ಘರ್ ಯಾದ್ ಆಗಯಾ. ಲಡ್ಕಿಯಾಂ ಹೈ ನಾ" ಎಂದರು. ಹೆದರಿದೆನಂತೆ, ಮನೆ ನೆನಪಾಯಿತಂತೆ, ಹುಡುಗಿಯರಲ್ಲವೇ.

"ಸರ್ರ, ನೀವೇ ಅಲ್ರಿ ನಿಲ್ಲಾಕ ಹೇಳಿದ್ದು..." ಎಂದೆ.

"ಬಾಯಿ ಮುಚ್ಚು" ಎಂದರು ಕನ್ನಡದಲ್ಲಿ. ಆಮೇಲೆ ಸಾಹೇಬರಿಗೆ ಹಿಂದಿಯಲ್ಲಿ, ಇವಳಿಗೆ ಕಾಲಿದೆ, ತಲೆಯಿಲ್ಲ, ರಾಜ್ಯ ತಂಡಕ್ಕೆ ಕಳಿಸಿದರೆ ನಿಮ್ಮ ಹೆಸರೇ ಕೆಡುತ್ತದೆ ಎಂದರು. ಸಾಹೇಬರು ಒಂದು ಗಳಿಗೆ ನನ್ನನ್ನು ನೋಡಿ, ಲೊಚಗುಟ್ಟಿ, ಕಾಲೇಜಿನ ಹುಡುಗಿಯರ ಕಡೆ ಹೋದರು.

ಅವ್ವನನ್ನು ಕರೆದುಕೊಂಡು ಮರುದಿನ ಮಾಸ್ತರರ ಮನೆಗೆ ಹೋದೆ. ಇನ್ನೂ ಸಮಯವಿತ್ತು, ಆಯ್ಕೆಯ ಹೆಸರುಗಳು ಹೊರಬಿದ್ದಿರಲಿಲ್ಲ. ಅವ್ವ ಕೈಮುಗಿದು ನೆಲಕ್ಕೇ ಕುಳಿತಳು. "ಮಾಸ್ತರ್ರ, ಭೋಂಗಾಕ್ಕ ನಿಲ್ಲು ಅಂತ ನೀವೇ ಕಲಿಸೀರಂತ, ಅದಕ್ಕ ನಿಂತಾಳಂತ. ಆ ಸಾಹೇಬ್ರಿಗೆ ಒಂದ್ ಮಾತ್ ಹೇಳ್ರಿ. ಇಲ್ಲಂದ್ರ ನಮಗ ಮನಿ ಇಲ್ರೀ" ಎಂದಳು. ಮಾಸ್ತರರು ಅವಳನ್ನು ಎಬ್ಬಿಸಿ ಕುರ್ಚಿಯ ಮೇಲೆ ಕೂಡಿಸಿದರು. ದನಿ ಎಷ್ಟು ಮೆತ್ತಗಿತ್ತು ಅಂತೀರಿ!

"ತಂಗೀ, ನೀನೇ ಹೇಳು. ಚೆಂಡ್ ಕಾಲಾಗ ಇದ್ದಾಗ ನಿಂದ್ರು ಅಂತ ಯಾವ ಕೋಚ ಕಲಿಸ್ತಾನ? ನಾ ಏನ್ ಹುಚ್ಚನೇನ?"

ಅವ್ವ ಯೋಚಿಸಿದಳು. ಹೌದಲ್ಲ ಎಂಬಂತೆ ತಲೆ ಮೆಲ್ಲಗೆ ಅಲ್ಲಾಡಿತು. "ಮುರ್ಗಾ ಮಾಡಿಸಿದ್ದು ಯಾಕ್ರಿ ಮತ್ತ?" ಎಂದು ಕೂಗಿದೆ. "ಬರೋಬ್ಬರಿ ಆಡಲಿಲ್ಲ ಅಂದ್ರ ಮಾಡಸ್ತೀನಿ. ಅದು ಎಲ್ಲಾರೂ ನೋಡ್ಯಾರ" ಎಂದರು. ಎಲ್ಲರೂ ನೋಡಿದ್ದು ನಿಜ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಉಳಿದ ಹುಡುಗಿಯರ ಮನೆಗೂ ಹೋದೆ, ಬಂದು ಹೇಳಿರೇ ಎಂದು ಅತ್ತು ಕರೆದೆ. ಅವರ ಅಪ್ಪಂದಿರ ಹಾಜರಿ ಮಾಸ್ತರರ ಟೈಮ್ ಆಫೀಸಿನಲ್ಲಿತ್ತು. ಒಬ್ಬಳ ತಾಯಿ ಬಾಗಿಲಲ್ಲೇ ನಿಂತು "ಆಕಿಗೆ ಜ್ವರ ಬಂದಾವ" ಎಂದಳು. ಒಳಗಿನಿಂದ ಆ ಹುಡುಗಿ ನಗುವುದು ಕೇಳುತ್ತಿತ್ತು.

ನಂತರ ಪೇಪರು ಬಂತು. ಮಾಸ್ತರರು ಅದಕ್ಕಿಂತ ಚೆನ್ನಾಗಿ ಏನನ್ನೂ ಬರೆದಿರಲಿಕ್ಕಿಲ್ಲ, ಅಷ್ಟು ಮನಸ್ಸು ಕೊಟ್ಟು ಬರೆದಿದ್ದರು. ಭೋಂಗಾ ಕೇಳಿದ ಕೂಡಲೇ ಹುಡುಗಿಯರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು ಎಂದು. ಏಳನೇ ನಂಬರಿನವಳು ಗೋಲಿನ ಮುಂದೆ ಗಂಡನ ಮನೆಗೆ ಹೊರಟ ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತಳು ಎಂದು. ಕೋಚಿನ ಗಂಟಲು ಹರಿದರೂ ಕದಲಲಿಲ್ಲ ಎಂದು. ನಮ್ಮ ಸಾಲಿನವರೆಲ್ಲ ಓದಿದರು. ಸಿಂಧನೂರಿನ ಚಿಕ್ಕಮ್ಮ ಓದಿದಳು, ಗುಲಬರ್ಗಾದ ಮಾವ ಕಾರ್ಡು ಬರೆದು ಕೇಳಿದ. ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಮುಗಿಸಿ, ಪೇಪರು ಮಡಚಿ, ನನ್ನನ್ನು ನೋಡಿದಳು. ಆ ನೋಟವನ್ನು ಇವತ್ತಿಗೂ ಮರೆತಿಲ್ಲ. ನನ್ನ ಕಾಲಿಗೆ ಎಣ್ಣೆ ಹಚ್ಚುವುದು ಅವತ್ತಿಗೆ ನಿಂತಿತು.

ಕ್ವಾರ್ಟರು ಬಿಟ್ಟೆವು. ಬೋರಬಂಡಾದ ಕಡೆ ಒಂದು ಕೋಣೆ, ತಗಡಿನ ಮಾಡು, ಬೇಸಿಗೆಯಲ್ಲಿ ಒಳಗೆ ಕಾಲಿಡಲಾಗದು. ಅವ್ವ ನಮ್ಮ ಕಡೆಯ ಒಂಟಿ ನೌಕರರಿಗೆ ಜೋಳದ ರೊಟ್ಟಿ ಬಡಿದು ಕೊಡತೊಡಗಿದಳು. ಹೊಗೆಯಲ್ಲಿ ಕಣ್ಣು ಕೆಟ್ಟವು, ಅಂಗೈ ಚರ್ಮ ಒಣಗಿ ಸೀಳಿತು. ತಮ್ಮ ಶಾಲೆ ಬಿಟ್ಟು ಮೋಟಾರ್ ಗ್ಯಾರೇಜು ಸೇರಿದ. ಸಿಟ್ಟು ಬಂದಾಗಲೆಲ್ಲ ಅವ್ವನಿಗೆ ಒಂದೇ ಮಾತು ಬಾಯಿಗೆ ಬರುತ್ತಿತ್ತು: "ನಿನ್ನ ಕಾಲು ನಿಂತ್ವು, ನಮ್ಮನಿ ಎದ್ದು ಹೋತು." ನಾನು ಮತ್ತೆ ಮತ್ತೆ ಹೇಳಿದೆ. ನಿಧಾನವಾಗಿ ಹೇಳಿದೆ, ಅತ್ತು ಹೇಳಿದೆ, ತಟ್ಟೆ ಒಗೆದು ಹೇಳಿದೆ. "ಸುಳ್ಳು ಹೇಳಬ್ಯಾಡ, ದೊಡ್ಡವರ ಮ್ಯಾಲೆ ಹಾಕಬ್ಯಾಡ" ಎನ್ನುತ್ತಿದ್ದಳು. ನನಗೆ ಆಟದ ಶಿಕ್ಷಕಿಯ ಕೆಲಸ ಸಿಕ್ಕು, ಹೆಂಚಿನ ಮನೆ ಬಾಡಿಗೆ ಹಿಡಿದ ಮೇಲೂ ಆ ಮಾತು ನಿಲ್ಲಲಿಲ್ಲ. ನಾನು ಬಡಿಸಿದ ಅನ್ನ ಉಣ್ಣುತ್ತಲೇ ಅದನ್ನು ಅನ್ನುತ್ತಿದ್ದಳು.

ವರ್ಷಗಳು ಹೋದವು. ಮಾಸ್ತರರಿಗೆ ವಯಸ್ಸಾಯಿತು, ಅವರ ಶಿಷ್ಯರು ಅಲ್ಲಿ ಇಲ್ಲಿ ದೊಡ್ಡವರಾದರು. ನಮ್ಮ ಕನ್ನಡದವರ ಸಂಘದಲ್ಲಿ ಅವರಿಗೆ ಸನ್ಮಾನ ಇಟ್ಟರು. ನಾನು ಬರುವುದಿಲ್ಲ ಎಂದೆ. ಅವ್ವ ಬಿಡಲಿಲ್ಲ. "ನಮ್ಮ ಊರ್ಕಡೆ ಮನಷ್ಯಾ. ನಿನ್ನ ತಪ್ಪಿಗೆ ಅವ್ರ ಮ್ಯಾಲೆ ಯಾಕ ಸಿಟ್ಟು?" ಎಂದಳು. ಅವಳಿಗೆ ಒಬ್ಬಳೇ ಹೋಗಲು ಕಣ್ಣು ಕಾಣುತ್ತಿರಲಿಲ್ಲ. ಕೈ ಹಿಡಿದುಕೊಂಡು ಹೋದೆ.

ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾಸ್ತರರು ಮೈಕಿನ ಮುಂದೆ ನಿಂತರು. ಕಾಲು ನಡುಗುತ್ತಿತ್ತು, ಬಾಯಿ ಮಾತ್ರ ಅದೇ. ಬರಿಗಾಲಿನ ಕಥೆ ಹೇಳಿದರು, ಹೆಬ್ಬೆರಳು ತೋರಿಸಿದರು. ಜನ ಖುಷಿಯಾದರು. ಆಮೇಲೆ, "ಶಿಸ್ತು ಅಂದ್ರ ಏನು ಅಂತ ಕೇಳ್ತೀರಿ. ಹೇಳ್ತೀನಿ ಕೇಳ್ರಿ" ಎಂದು ಶುರುಮಾಡಿದರು.

"ಭೋಂಗಾ ಆತಂದ್ರ ಇದ್ದಲ್ಲೇ ನಿಂದ್ರಬೇಕು ಅಂತ ನಮ್ಮ ಹುಡುಗ್ಯಾರಿಗೆ ಕಲಿಸಿದ್ದೆ. ಮುಟ್ಟಿದ್ರ ಮುರ್ಗಾ! ಒಂದ್ ದಿನ ಮ್ಯಾಚ್ ನಡದೈತಿ, ಇನ್ನೇನ್ ಗೋಲು, ಅಷ್ಟ್ರಾಗ ಭೋಂಗಾ ಆತು ನೋಡ್ರಿ..." ಸಭೆ ಆಗಲೇ ನಗತೊಡಗಿತ್ತು. ಅವರು ಮೈಕು ಬಿಟ್ಟು ಪಕ್ಕಕ್ಕೆ ಬಂದು, ಕೈ ಇಳಿಬಿಟ್ಟು, ನಾನು ನಿಂತ ಹಾಗೆ ನಿಂತು ತೋರಿಸಿದರು. "ಒಬ್ಬಾಕಿನೂ ಅಲ್ಲಾಡಲಿಲ್ರಿ! ಮ್ಯಾಚ್ ಹೋತು, ಹೋಗ್ಲಿ. ಹಂಗ ತಯಾರ್ ಮಾಡಿದ್ದೆ ನಾನು!"

ಸಭಾಂಗಣದ ಮಾಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮಾಸ್ತರರು ಕಣ್ಣು ಕಿರಿದು ಮಾಡಿ ಹುಡುಕಿ, "ಆ ಏಳನೇ ನಂಬರಿನಾಕಿ ಇಲ್ಲೇ ಕುಂತಾಳ. ಎದ್ದ್ ನಿಂದ್ರವಾ, ಮಂದಿ ನೋಡ್ಲಿ" ಎಂದರು. ಎದ್ದು ನಿಂತೆ. ಬೈಯಬೇಕಿತ್ತು, ಚಪ್ಪಲಿ ಎಸೆಯಬೇಕಿತ್ತು. ಶಾಲೆಯಲ್ಲಿ ನನ್ನ ಬಾಯಿಗೆ ಹೆಡ್‌ಮಿಸ್ಸೇ ಹೆದರುತ್ತಾರೆ. ಅಲ್ಲಿ ಮಾತ್ರ ಕೈ ಕಟ್ಟಿಕೊಂಡು ನಿಂತು, ಜನ ನೋಡಿ ಮುಗಿಸಿದ ಮೇಲೆ ಕುಳಿತುಕೊಂಡೆ.

ಅವ್ವ ನನ್ನ ಮೊಣಕೈ ಹಿಡಿದಳು. "ಏನಂದ್ರ ಅವ್ರು? ನಿಲ್ಲಾಕ ಅವ್ರೇ ಕಲಿಸಿದ್ರಂತೇನ?"

"ಹೌದವ್ವಾ."

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ ನೀ?"

ಸುತ್ತ ಜನ ಇದ್ದಾರೆ ಎನ್ನುವುದನ್ನೂ ಮರೆತು ಕೂಗಿದೆ, "ಹೇಳಿಲ್ಲೇನವ್ವಾ? ಇಷ್ಟ್ ವರ್ಷ ಬಾಯಿ ಬಾಯಿ ಬಡಕೊಂಡೀನಲ್ಲ!"

ಅವ್ವ ಮುಸುಕಾದ ಕಣ್ಣುಗಳನ್ನು ವೇದಿಕೆಯ ಕಡೆಗೇ ನೆಟ್ಟಳು.

"ನೀ ಹೇಳಿದ್ದಿ ಖರೆ," ಎಂದಳು. "ಪೇಪರಿನ್ಯಾಗ ಬ್ಯಾರೆ ಬಂದಿತ್ತಲ್ಲವಾ."